ಬುದ್ಧಿ ಕಲಿಸಲಾಯಿತು

ಹದಿನೈದು ದಿನಗಳ ಹಿಂದೆ, ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ನನ್ನದೇ ಮನೆಯ ಪಡಸಾಲೆಯಲ್ಲಿ ಕುಳಿತು ನಾನೊಂದು ಸುಳ್ಳು ಹೇಳಿದೆ.

ಸುಳ್ಳೆಂದು ಆಗ ನನಗೆ ತಿಳಿದಿರಲಿಲ್ಲ. (ಈ ವಾಕ್ಯವನ್ನು ಓದುಗರು ತಕ್ಷಣ ನಂಬಬೇಕಾಗಿಲ್ಲ. ಈಗ ನಾನೂ ಪೂರ್ತಿ ನಂಬುತ್ತಿಲ್ಲ.)

"ನನ್ನ ಮಗಳ ಮೇಲೆ ನಾನು ಒಂದು ದಿನವೂ ಕೈ ಮಾಡಿದವನಲ್ಲ" ಎಂಬುದೇ ಆ ಸುಳ್ಳು. ಕೇಳಿಸಿಕೊಂಡವರು ಇಬ್ಬರು. ಒಬ್ಬರು ಭಾಗ್ಯಮ್ಮ, ವಾರಕ್ಕೊಮ್ಮೆ ಮನೆಗೇ ಬಂದು ಮಕ್ಕಳನ್ನು ಸಾಕುವುದು ಹೇಗೆಂದು ಹೇಳಿಕೊಡುವ ಕಾರ್ಯಕರ್ತೆ. ಇನ್ನೊಬ್ಬಳು ನನ್ನ ಆ ಮಗಳೇ.

ಈ ಅಂಕಣ ಓದುವವರಿಗೆ ನನ್ನ ಚಟ ಗೊತ್ತು. ತಾರೀಖಿನ ಚಟ. ವೃತ್ತಿಯಿಡೀ ಶಾಸನಗಳನ್ನು ಓದಿದವನು ನಾನು. ಕಲ್ಲಿನಲ್ಲಿ ಸೋಮವಾರ ಎಂದು ಕೆತ್ತಿದ್ದರೆ, ಆ ತಿಥಿಗೆ ಸೋಮವಾರವೇ ಬೀಳುತ್ತದೆಯೇ ಎಂದು ಲೆಕ್ಕ ಹಾಕದೆ ಮುಂದಿನ ಸಾಲಿಗೆ ಹೋದವನಲ್ಲ. ಲೆಕ್ಕ ಹೊಂದದಿದ್ದರೆ ಅದು ಕೂಟಶಾಸನ. ಅಂದರೆ ಯಾರೋ ತಮ್ಮ ಅನುಕೂಲಕ್ಕಾಗಿ ಆಮೇಲೆ ಹುಟ್ಟಿಸಿದ ದಾಖಲೆ. ಅಂಥ ಕೆಲವನ್ನು ಹಿಡಿದುಕೊಟ್ಟ ಹೆಮ್ಮೆಯೊಂದಿಗೆ ನಿವೃತ್ತನಾದೆ. ಚಟ ನಿವೃತ್ತವಾಗಲಿಲ್ಲ. ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದವರು "ಸುಮಾರು ಇಪ್ಪತ್ತು ವರ್ಷದ ಹಿಂದೆ" ಎಂದು ಕಥೆ ಶುರುಮಾಡಿದರೆ, "ಸುಮಾರು ಎಂದರೆ?" ಎಂದು ಕೇಳಿ ಕಥೆಯನ್ನೂ ಪಾಯಸವನ್ನೂ ಕೆಡಿಸಿದ್ದೇನೆ.

ಇಷ್ಟು ಜಾಗರೂಕನಾದ ಮನುಷ್ಯನ ಮನೆಯಲ್ಲೇ ಒಂದು ಕೂಟಶಾಸನ ಇಷ್ಟು ವರ್ಷ ಸಿಕ್ಕಿಬೀಳದೆ ಉಳಿಯಿತು. ಅದನ್ನು ಬರೆದವನು ನಾನೇ.

ಮೊದಲಿನಿಂದ ಹೇಳುತ್ತೇನೆ.

ಮಗಳು ಸುಜಾತ ದೇವನಹಳ್ಳಿಯ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದಳು. ಹೆರಿಗೆಯ ನಂತರ ಬಿಟ್ಟಳು. ಈಗ ಅದೇ ಕಚೇರಿಯವರು ಮತ್ತೆ ಕರೆದಿದ್ದಾರೆ. ಅಳಿಯನಿಗೆ ನೆಲಮಂಗಲದ ಗೋದಾಮಿನಲ್ಲಿ ಶಿಫ್ಟ್ ಕೆಲಸ. ಅವನು ಹೊರಡುವುದು ಯಾವಾಗ, ಬರುವುದು ಯಾವಾಗ ಎಂಬುದು ನನ್ನ ಲೆಕ್ಕಕ್ಕೂ ಸಿಕ್ಕಿಲ್ಲ. ಮೊಮ್ಮಗಳು ಇಂಚರಳಿಗೆ ನಾಲ್ಕು ವರ್ಷ. ಕಳೆದ ಬೇಸಿಗೆಯಲ್ಲಿ ಅವರು ದೊಡ್ಡಬಳ್ಳಾಪುರದ ನನ್ನ ಮನೆಯ ಮಹಡಿಗೆ ಬಂದು ನೆಲೆಸಿದ್ದಕ್ಕೆ ಕಾರಣವೇ ಒಂದು ಒಪ್ಪಂದ: ಹಗಲಿನಲ್ಲಿ ಮಗುವನ್ನು ನಾನು ನೋಡಿಕೊಳ್ಳುವುದು.

ಹೆಂಡತಿ ತೀರಿಕೊಂಡ ಮೇಲೆ ಯಾರಾದರೂ ನನ್ನನ್ನು ನಂಬಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಸುಜಾತ ಕೆಲಸಕ್ಕೆ ಹೋಗುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿಟ್ಟೆ. ಇಂಚರಳಿಗೆಂದು ಪುಟ್ಟ ಸ್ಟೂಲೊಂದನ್ನು ತಂದು ನನ್ನ ಓದುವ ಮೇಜಿನ ಪಕ್ಕದಲ್ಲಿಟ್ಟೆ.

ಹೀಗಿರುವಾಗ ಒಂದು ಗುರುವಾರ ಭಾಗ್ಯಮ್ಮ ಬಂದರು. ಇದೇ ತಾಲ್ಲೂಕಿನ ಮಧುರೆ ಕಡೆಯವರು. ವಯಸ್ಸು ಮೂವತ್ತೈದರ ಆಸುಪಾಸು. (ಕೇಳಿ ಖಚಿತಪಡಿಸಿಕೊಳ್ಳಲಿಲ್ಲ, ಅಷ್ಟು ಸಭ್ಯತೆ ನನ್ನಲ್ಲಿದೆ.) ಸ್ಕೂಟಿಯ ಮುಂದೆ ಬಟ್ಟೆಚೀಲ, ಚೀಲದ ತುಂಬ ಚಿತ್ರದ ಕಾರ್ಡುಗಳು, ಒಂದು ಕೈಪಿಡಿ, ಒಂದು ನೋಟ್‌ಬುಕ್. ಸ್ವಯಂಸೇವಾ ಸಂಸ್ಥೆಯೊಂದು ಈ ತಾಲ್ಲೂಕಿನ ಹೆಂಗಸರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸುತ್ತಿದೆಯಂತೆ. ಒಂದು ಮನೆಗೆ ಎಂಟು ಭೇಟಿ. ಚಾಪೆ ಹಾಸಿ ಕೂರುವುದು, ಮನೆಯವರೊಂದಿಗೆ ಮಾತಾಡುವುದು, ಮಗುವಿನೊಂದಿಗೆ ಆಡಿ ತೋರಿಸುವುದು. ಮಗು ಹಟ ಮಾಡಿದಾಗ ಏನು ಮಾಡಬೇಕು, ನಮಗೇ ಸಿಟ್ಟು ಬಂದಾಗ ಏನು ಮಾಡಬಾರದು, ಇಂಥವು.

ಪಾಠವಿರುವುದು ಮಗಳಿಗೆ ಎಂದು ನಾನು ತಿಳಿದೆ. ಚಿಕ್ಕ ವಯಸ್ಸಿನ ತಾಯಿ, ಕಲಿಯಲಿ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತದ್ದು ಪರಿವೀಕ್ಷಕನ ಗತ್ತಿನಲ್ಲಿ. ಮೊದಲ ಭೇಟಿಯಲ್ಲಿ ಕೈಪಿಡಿಯನ್ನು ಇಸಿದುಕೊಂಡು ಕೆಂಪು ಪೆನ್ಸಿಲಿನಲ್ಲಿ ಕಾಗುಣಿತದ ತಪ್ಪುಗಳನ್ನು ಗುರುತಿಸಿದೆ. ಎರಡನೆಯ ಭೇಟಿಯಲ್ಲಿ ಮುಖಪುಟಕ್ಕೇ ಕೈ ಹಾಕಿದೆ. ಅಲ್ಲಿ "ಮಕ್ಕಳ ಮೇಲಿನ ದೌರ್ಜನ್ಯ ತಡೆ" ಎಂದಿತ್ತು. ದೌರ್ಜನ್ಯ ಎಂಬುದು ದುರ್ಜನ ಎಂಬ ಪದದಿಂದ ಬಂದದ್ದು, ಅದು ದುಷ್ಟರ ನಡತೆಯನ್ನು ಹೇಳುತ್ತದೆ, ನೀವು ಈ ಪುಸ್ತಕ ಹಿಡಿದು ಹೋಗುತ್ತಿರುವುದು ಸಜ್ಜನರ ಮನೆಗಳಿಗೆ, ಆದ್ದರಿಂದ ಪದ ಬದಲಿಸುವುದು ಒಳ್ಳೆಯದು ಎಂದು ಹತ್ತು ನಿಮಿಷ ವಿವರಿಸಿದೆ.

ಭಾಗ್ಯಮ್ಮ ಪೂರ್ತಿ ಕೇಳಿಸಿಕೊಂಡರು. "ಮೇಲಿನವರಿಗೆ ಹೇಳ್ತೀನಿ ಸಾರ್. ಆದ್ರೆ ನಾನು ಹೋಗೋ ಮನೆ ಎಲ್ಲಾ ಸಜ್ಜನರದ್ದೇ" ಎಂದು ನಕ್ಕರು.

ಆ ಮಾತಿನಲ್ಲಿ ಮುಳ್ಳಿತ್ತೆಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಮೂರನೆಯ ಭೇಟಿಗೆ ಅವರು ತಂದದ್ದು ಒಂದೇ ಪ್ರಶ್ನೆ. "ನಿಮ್ಮನೇಲಿ ಮಕ್ಕಳಿಗೆ ಬುದ್ಧಿ ಕಲಿಸೋದು ಅಂದ್ರೆ ಏನ್ ಮಾಡ್ತೀರ?"

ನನಗೆ ಖುಷಿಯಾಯಿತು. ಇದು ನನ್ನ ಕ್ಷೇತ್ರ! ಬುದ್ಧಿ ಎಂದರೆ ಏನು, ಶಿಕ್ಷಣ ಮತ್ತು ಶಿಕ್ಷೆ ಹೇಗೆ ಒಂದೇ ಬೇರಿನಿಂದ ಬಂದ ಪದಗಳು, ಹಿಂದೆ ಶಿಕ್ಷೆ ಎಂಬ ಮಾತಿಗೆ ಕಲಿಕೆ ಎಂಬ ಅರ್ಥ ಹೇಗಿತ್ತು ಎಂದು ಶುರುಮಾಡಿದೆ. ಭಾಗ್ಯಮ್ಮ ತಲೆಯಾಡಿಸುತ್ತ ಕೇಳಿ, ಬೇರೆ ಮನೆಗಳಲ್ಲಿ ಸಿಕ್ಕ ಉತ್ತರಗಳನ್ನು ಹೇಳಿದರು. ಒಂದು ಮನೆಯಲ್ಲಿ "ಎರಡು ಬಿಗೀತೀವಿ" ಎಂದರಂತೆ. ಇನ್ನೊಂದರಲ್ಲಿ ಊಟ ಹಾಕುವುದಿಲ್ಲ ಎಂದರಂತೆ. ಮತ್ತೊಂದರಲ್ಲಿ ಬಚ್ಚಲಿಗೆ ಕೂಡಿ ಚಿಲಕ ಹಾಕುತ್ತೇವೆ ಎಂದು ಅಜ್ಜಿಯೊಬ್ಬರು ಹೇಳಿದರೆ, ಅಗಳಿ ಕೂಡ ಎಂದು ಮಗುವೇ ಸೇರಿಸಿತಂತೆ. ಈ ತಾಲ್ಲೂಕಿನಲ್ಲಿ ತಾನು ಹೋದ ಯಾವ ಮನೆಯಲ್ಲೂ ಈ ಪ್ರಶ್ನೆಗೆ "ಅ ಆ ಇ ಈ ಹೇಳಿಕೊಡ್ತೀವಿ" ಎಂದು ಯಾರೂ ಉತ್ತರಿಸಿಲ್ಲ ಎಂದರು.

ಎಷ್ಟು ಸರಳ ಸಂಗತಿ! ಬುದ್ಧಿ ಕಲಿಸುತ್ತೇನೆ ಎಂಬ ನಮ್ಮ ಮಾತನ್ನು ಎಳೆಯ ಮಗುವೂ ಬೆದರಿಕೆಯೆಂದೇ ತಿಳಿಯುತ್ತದೆ. ಕಲಿಸುವುದು ಮತ್ತು ಬಡಿಯುವುದು ಎರಡಕ್ಕೂ ಒಂದೇ ಮಾತನ್ನು ಇಟ್ಟುಕೊಂಡು ಎಷ್ಟು ತಲೆಮಾರು ಸಂಸಾರ ಮಾಡಿದೆವು? ಪದಗಳ ಬೇರು ಅಗೆಯುತ್ತ ಕಾಲ ಕಳೆದ ನನಗೆ ಇದು ಕಾಣಲಿಲ್ಲ. ಸ್ಕೂಟಿಯಲ್ಲಿ ಮನೆಮನೆ ಸುತ್ತುವ ಹೆಣ್ಣುಮಗಳಿಗೆ ಕಂಡಿತು.

"ನೀವೇನ್ ಮಾಡ್ತಿದ್ರಿ ಸಾರ್, ಇವರು ಚಿಕ್ಕೋರಿದ್ದಾಗ?" ಎಂದು ಭಾಗ್ಯಮ್ಮ ಸುಜಾತಳ ಕಡೆ ಕೈ ತೋರಿಸಿದರು.

ಆಗ ಹೇಳಿದೆ, ಮೇಲೆ ಬರೆದ ಮಾತನ್ನು.

ಸುಜಾತ ಕಾಫಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಕೈ ನಿಂತಿತು. ತಟ್ಟೆಯನ್ನು ಕೆಳಗಿಟ್ಟು ಬಲಗೈಯನ್ನು ಮೇಜಿನ ಮೇಲೆ ಅಂಗಾತ ಚಾಚಿದಳು. ಅವಳ ಕಿರುಬೆರಳು ನಡುಗೆಣ್ಣಿನಲ್ಲಿ ಹೊರಕ್ಕೆ ಬಾಗಿದೆ. ಚಿಕ್ಕಂದಿನಿಂದಲೂ ಹಾಗೇ. ಅದರ ಕಥೆ ನಮ್ಮ ನೆಂಟರಿಗೆಲ್ಲ ಗೊತ್ತು. ಭಾಗ್ಯಮ್ಮನಿಗೂ ನಾನೇ ಹೇಳಿದೆ: ಹಿತ್ತಲಿನ ಸೀಬೆಮರದಿಂದ ಬಿದ್ದದ್ದು, ತುಂಬ ತುಂಟಿ.

"ಆ ಮರ ಯಾವತ್ತು ನೆಟ್ಟಿದ್ದು ಅಂತ ನೋಡಿ ಅಪ್ಪ. ನಿಮ್ಮ ಡೈರೀಲಿ ಇರುತ್ತೆ."

ಅಷ್ಟೇ ಹೇಳಿ, ಇಂಚರಳನ್ನು ಎತ್ತಿಕೊಂಡು ಮಹಡಿ ಹತ್ತಿದಳು. ಭಾಗ್ಯಮ್ಮ ಅವಳ ಹಿಂದೆಯೇ ಹೋದರು. ಚಾಪೆಯ ಮೇಲೆ ಅವರ ನೋಟ್‌ಬುಕ್ ತೆರೆದೇ ಇತ್ತು. ಅಕ್ಷರ ಕಂಡರೆ ಓದದೆ ಬಿಡುವ ಜನ್ಮ ನನ್ನದಲ್ಲ. ಅರ್ಜಿ ಕೊಟ್ಟವರು ಎಂಬಲ್ಲಿ ಸುಜಾತಳ ಹೆಸರಿತ್ತು. ಕಲಿಯಬೇಕಾದವರು ಎಂಬಲ್ಲಿ ನನ್ನ ಹೆಸರಿತ್ತು. ಅದರ ಮುಂದೆ ಕಂಸದಲ್ಲಿ "ತಾತ".

ಮೂರು ವಾರಗಳಿಂದ ನಾನು ವಿದ್ಯಾರ್ಥಿಯಾಗಿದ್ದೆ. ಕುರ್ಚಿಯ ಮೇಲೆ ಕಾಲಮೇಲೆ ಕಾಲು ಹಾಕಿಕೊಂಡು ಕೂತ, ಮೇಷ್ಟ್ರ ಪುಸ್ತಕವನ್ನೇ ತಿದ್ದುತ್ತಿದ್ದ ವಿದ್ಯಾರ್ಥಿ.

ಅಂದು ಮಧ್ಯಾಹ್ನ ಡೈರಿಗಳಿದ್ದ ಟ್ರಂಕು ತೆಗೆದೆ. ವರ್ಷಕ್ಕೊಂದರಂತೆ ಎಲ್ಲವೂ ಇವೆ, ಒಂದೂ ತಪ್ಪಿಲ್ಲ. (ಇದನ್ನೂ ನಾನು ಸಭೆಗಳಲ್ಲಿ ಹೇಳಿಕೊಂಡು ತಿರುಗಿದ್ದುಂಟು.) ಸೀಬೆ ಸಸಿಯ ಸಾಲು ಬೇಗ ಸಿಕ್ಕಿತು. ನರ್ಸರಿಯಿಂದ ತಂದದ್ದು, ನೆಟ್ಟದ್ದು, ಬೇಲಿ ಕಟ್ಟಿದ್ದು, ಎಲ್ಲ ಇತ್ತು. ಆದರೆ ಅದೇ ಟ್ರಂಕಿನಲ್ಲಿ ಸಿಕ್ಕ, ಅದಕ್ಕೂ ಒಂದು ವರ್ಷ ಹಿಂದಿನ ಫೋಟೋದಲ್ಲಿ, ಒಂದನೇ ತರಗತಿಯ ಸಮವಸ್ತ್ರ ತೊಟ್ಟ ಸುಜಾತಳ ಕಿರುಬೆರಳು ಆಗಲೇ ಬಾಗಿದೆ. ಫೋಟೋದ ಹಿಂದೆ ಶಾಲೆಯ ಮೊಹರಿದೆ, ತಾರೀಖಿದೆ. ಲೆಕ್ಕ ಸ್ಪಷ್ಟ. ಮಗು ಬಿದ್ದಾಗ ಮರವೇ ಇರಲಿಲ್ಲ.

ಇಲ್ಲಿ ತಾರೀಖುಗಳನ್ನು ಕೊಡುತ್ತಿಲ್ಲ. ಎಂದೂ ಹೀಗೆ ಮಾಡಿದವನಲ್ಲ. ಮಗಳು ಬೇಡವೆಂದಳು.

ಫೋಟೋ ತೆಗೆದ ದಿನದಿಂದ ಹಿಂದಕ್ಕೆ ಒಂದೊಂದೇ ಪುಟ ತಿರುಗಿಸಿದೆ. ನಾಲ್ಕು ತಿಂಗಳ ಹಿಂದಿನ ಒಂದು ಪುಟದಲ್ಲಿ ನನ್ನ ದುಂಡು ಅಕ್ಷರದಲ್ಲಿ ಹೀಗಿತ್ತು: "ಮಧ್ಯಾಹ್ನ ದೊಡ್ಡಬೆಳವಂಗಲದಿಂದ ಹಿಂತಿರುಗಲಾಯಿತು. ಪಡಿಯಚ್ಚು ಹಾಳಾಗಿದೆ. ಮಗುವಿಗೆ ಬುದ್ಧಿ ಕಲಿಸಲಾಯಿತು. ಸಂಜೆ ಪತ್ರಗಳಿಗೆ ಉತ್ತರ."

ಮರುದಿನದ್ದು: "ಮಗುವಿನ ಬೆರಳು ಊದಿದೆ. ಆಸ್ಪತ್ರೆಯಲ್ಲಿ ತೋರಿಸಲಾಯಿತು. ಮರದಿಂದ ಬಿದ್ದದ್ದೆಂದು ತಿಳಿಸಲಾಯಿತು. ಮೂರು ವಾರ ಪಟ್ಟಿ."

ಕಲಿಸಲಾಯಿತು. ತೋರಿಸಲಾಯಿತು. ತಿಳಿಸಲಾಯಿತು.

ಯಾರು ಕಲಿಸಿದರು? ಯಾರು ತಿಳಿಸಿದರು? ವಾಕ್ಯದಲ್ಲಿ ಯಾರೂ ಇಲ್ಲ. ಕರ್ಮಣಿ ಪ್ರಯೋಗ! ಸರ್ಕಾರಿ ವರದಿಗಳಲ್ಲಿ ನಾವು ಕಲಿತ ಗಂಭೀರ ಗದ್ಯ. ಸಂಶೋಧಕ ತನ್ನನ್ನು ಮುಂದೆ ಮಾಡಿಕೊಳ್ಳಬಾರದು, ವಿನಯದಿಂದ ಹಿಂದೆ ಸರಿಯಬೇಕು ಎಂದು ಕಿರಿಯರಿಗೆ ನಾನೇ ಹೇಳಿಕೊಟ್ಟ ಶೈಲಿ. ಆರು ವರ್ಷದ ಮಗುವಿನ ಬೆರಳು ಮುರಿದ ದಿನವೂ ನಾನು ಅಷ್ಟೇ ವಿನಯದಿಂದ ಹಿಂದೆ ಸರಿದಿದ್ದೇನೆ.

ಓದಿದ ಮೇಲೆ ನೆನಪಾಯಿತೇ? ಆಯಿತು. ಮೊದಲು ನೆನಪಾದದ್ದು ಪಡಿಯಚ್ಚು, ಮಗುವಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಹಾಗೆ. ಪಡಿಯಚ್ಚೆಂದರೆ ಶಾಸನದ ಕಲ್ಲಿಗೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಕೊಟ್ಟು ತೆಗೆಯುವ ಪ್ರತಿ. ಎರಡು ದಿನ ಬಿಸಿಲಲ್ಲಿ ಕೂತು ತೆಗೆದದ್ದನ್ನು ಪಡಸಾಲೆಯಲ್ಲಿ ಹರವಿ ಹೋಗಿದ್ದೆ. ಬಂದು ನೋಡಿದರೆ ಅದರ ಮೇಲೆ ಪೆನ್ಸಿಲ್ ಗೀಚು. ಮೇಜಿನ ಮೇಲೆ ಮರದ ರೂಲರ್ ಇತ್ತು. "ಕೈ ಚಾಚು" ಎಂದೆ. ಮಗು ಚಾಚಿತು. ಓಡಲಿಲ್ಲ.

ಎಷ್ಟು ಏಟು ಎಂಬುದನ್ನು ಡೈರಿ ಹೇಳುವುದಿಲ್ಲ.

ಆ ಪಡಿಯಚ್ಚು ಇನ್ನೂ ಇತ್ತು, ಟ್ರಂಕಿನ ತಳದಲ್ಲಿ, ಸುರುಳಿ ಸುತ್ತಿಟ್ಟಂತೆಯೇ. ಅಂದಿನಿಂದ ಬಿಡಿಸಿರಲಿಲ್ಲ, ಆ ಕಲ್ಲಿಗೆ ಮತ್ತೆ ಹೋಗಿ ಬೇರೆ ಪ್ರತಿ ತೆಗೆದಿದ್ದೆ. ಈಗ ನೆಲದ ಮೇಲೆ ಬಿಡಿಸಿದೆ. ಗೀಚೆಂದು ನಾನು ತಿಳಿದಿದ್ದು ಗೀಚಾಗಿರಲಿಲ್ಲ. ಎರಡನೆಯ ಸಾಲಿನಲ್ಲಿ ಕಲ್ಲು ಒಡೆದು ಐದು ಅಕ್ಷರ ಹೋಗಿರುವ ಜಾಗವೊಂದಿದೆ. ಅಲ್ಲಿ ಪೆನ್ಸಿಲಿನಲ್ಲಿ, ಒತ್ತಿ ಒತ್ತಿ, ಐದು ಅಕ್ಷರ ಬರೆದಿತ್ತು: ಅ ಆ ಇ ಈ ಉ. ಸಾಲಿನಿಂದ ಒಂದಿಷ್ಟೂ ಹೊರಗೆ ಹೋಗಿಲ್ಲ. ಉಳಿದ ಕಾಗದವನ್ನೆಲ್ಲ ಮುಟ್ಟಿಯೇ ಇಲ್ಲ.

ಇದನ್ನು ನಾವು ಕಳೆದುಹೋದ ಅಕ್ಷರಗಳ ಊಹಾಪೂರಣ ಎನ್ನುತ್ತೇವೆ. ದಿನವೂ ಅವಳೆದುರಿಗೆ ನಾನು ಮಾಡುತ್ತಿದ್ದ ಕೆಲಸ.

ಅಂದು ಸಂಜೆ ಶಾಲಾ ಮೈದಾನದ ಸುತ್ತ ನಡೆಯುವಾಗ ನಂಜೇಗೌಡನಿಗೆ ಅರ್ಧ ಹೇಳಿದೆ. ಅವನು ನನ್ನ ವಾಕಿಂಗ್ ಗೆಳೆಯ, ದೊಡ್ಡಬೆಳವಂಗಲದಲ್ಲಿ ಹೊಲ ಇಟ್ಟುಕೊಂಡು ಇಲ್ಲಿ ಮನೆ ಮಾಡಿರುವವನು. ಹೇಳಿದ್ದು ಕ್ಷಮೆ ಸಿಗಲೆಂದೇ ಎಂದು ಈಗ ಅನ್ನಿಸುತ್ತದೆ. ಸಿಕ್ಕಿತು.

"ಒಂದೇಟು ತಿನ್ನದೆ ಯಾವ್ ಮಗು ಬೆಳೆದದೆ ಹೇಳಯ್ಯ" ಎಂದ. "ನಮ್ಮಪ್ಪ ನನ್ನ ಕಂಬಕ್ಕೆ ಕಟ್ಟಿ ಹುಣಸೆ ಬರ್ಲಲ್ಲಿ ಬಾರಿಸಿದ್ರು. ಈಗ ನೋಡು, ನಂಗೇನಾಗದೆ?"

ನೋಡಿದೆ. ಒಂದೇ ಕಾಂಪೌಂಡಿನಲ್ಲಿರುವ ಮಗನಿಗೆ ಬೋರ್‌ವೆಲ್ ಮೋಟಾರು ಆಫ್ ಮಾಡು ಎಂಬುದನ್ನೂ ಸೊಸೆಯ ಮೂಲಕ ಹೇಳಿಕಳಿಸುವ ಮನುಷ್ಯ ಅವನು. ಮಗನೂ ಹಾಗೆಯೇ, ಆಫ್ ಆಗಿದೆ ಎಂದು ಹೆಂಡತಿಯ ಮೂಲಕವೇ ಉತ್ತರ ಕಳಿಸುತ್ತಾನೆ. ಇಬ್ಬರೂ ಬಲು ಸಭ್ಯರು.

"ಏನೂ ಆಗಿಲ್ಲ ಬಿಡು" ಎಂದೆ. ಅಂದಿನ ಎರಡನೆಯ ಸುಳ್ಳು ಅದು, ಮತ್ತು ಇದಕ್ಕೆ ಗೊತ್ತಿರಲಿಲ್ಲವೆಂಬ ನೆಪವೂ ಇಲ್ಲ.

ನಂಜೇಗೌಡನ ವಾದವನ್ನು ನಾವೆಲ್ಲರೂ ಬಳಸಿದ್ದೇವೆ. ನಾವು ತಿಂದೆವು, ಬದುಕಿದೆವು, ಆದ್ದರಿಂದ ತಪ್ಪಿಲ್ಲ. ಸಂಶೋಧನೆಯಲ್ಲಿ ಯಾರಾದರೂ ಇಂಥ ಸಾಕ್ಷ್ಯ ತಂದಿದ್ದರೆ ನಾನು ಬಾಗಿಲು ತೋರಿಸುತ್ತಿದ್ದೆ. ಉಳಿದ ಕಲ್ಲುಗಳನ್ನು ಮಾತ್ರ ಎಣಿಸಿ, ಒಡೆದವು ಇರಲೇ ಇಲ್ಲ ಎಂದಂತೆ. ದೌರ್ಜನ್ಯವೆಂದರೆ ಪತ್ರಿಕೆಯ ಒಳಪುಟದಲ್ಲಿ ಬರುವುದು, ಕುಡುಕರ ಮನೆಯದ್ದು, ಮಲತಾಯಿಯದ್ದು, ನಮಗೆ ಗೊತ್ತಿಲ್ಲದ ಯಾರದೋ. ಮೇಜಿನ ಮೇಲಿನ ರೂಲರ್ ಆ ಪಟ್ಟಿಯಲ್ಲಿ ಬರುವುದಿಲ್ಲ. ಡಿಗ್ರಿ ಪಡೆದವರ ಮನೆಯಲ್ಲಿ ನಡೆಯುವುದಕ್ಕೆ ಶಿಸ್ತು ಎಂಬ ಬೇರೆ ಹೆಸರಿದೆ.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ಅಂದು "ಹೇಗಾಯ್ತು ಪುಟ್ಟಿ?" ಎಂದು ಮಗುವನ್ನೇ ಕೇಳಿದ್ದರು. ಇದು ಡೈರಿಯಲ್ಲಿಲ್ಲ, ಸುಜಾತ ಹೇಳಿದ್ದು. ಹೋಗುವ ದಾರಿಯಲ್ಲಿ ನಾನು ಅವಳಿಗೆ ಉತ್ತರ ಹೇಳಿಕೊಟ್ಟಿದ್ದೆನಂತೆ, ಎರಡು ಸಲ ಹೇಳಿಸಿದ್ದೆನಂತೆ. ಮಗು ತಪ್ಪಿಲ್ಲದೆ ಒಪ್ಪಿಸಿತಂತೆ. ಆಗ ಅದು ಬರೀ ಮರ. ಹಿತ್ತಲಿನಲ್ಲಿ ಸೀಬೆ ಬೆಳೆದ ಮೇಲೆ ಕಥೆ ತಾನಾಗಿ ಆ ಮರಕ್ಕೆ ಹೋಗಿ ಕೂತಿತು. ಕೂಟಶಾಸನಗಳು ಬೆಳೆಯುವ ಕ್ರಮವೇ ಅದು. ವಿವರ ಆಮೇಲೆ ಸೇರುತ್ತದೆ. ನನ್ನ ಹೆಂಡತಿ ಅದನ್ನು ನೆಂಟರಿಗೆ ಹೇಳಿದಳು. ಮಗಳು ಶಾಲೆಯಲ್ಲಿ ಹೇಳಿದಳು. ಮದುವೆಯ ನಂತರ ತನ್ನ ಗಂಡನಿಗೂ ಅದನ್ನೇ ಹೇಳಿದಳು. ಕೊನೆಗೆ ನಾನೇ ನಂಬಿದೆ.

ಶುಕ್ರವಾರ ಬೆಳಿಗ್ಗೆ ಸುಜಾತ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಪಕ್ಕದ ಬೀದಿಯ ಮಗ್ಗಗಳು ಆಗಲೇ ಶುರುವಾಗಿದ್ದವು. ಗಟ್ಟಿಯಾಗಿ ಮಾತಾಡದಿದ್ದರೆ ಕೇಳಿಸದು. ಹೋಗಿ ನಿಂತೆ. ಮೆಟ್ಟಿಲ ಬಳಿ ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದ ಮಾತನ್ನು ಹೇಳಿದೆ.

"ತಪ್ಪಾಯ್ತಮ್ಮ."

ಅವಳು ಕ್ಲಿಪ್ಪು ಹಾಕುತ್ತಲೇ ಕೇಳಿದಳು. "ಆಯ್ತು. ಯಾರಿಂದ?"

ಗಮನಿಸಿ, ನಮ್ಮ ಭಾಷೆಯಲ್ಲಿ ಕ್ಷಮೆ ಕೇಳುವ ಅತ್ಯಂತ ಸಹಜವಾದ ಮಾತಿನಲ್ಲೂ ಮಾಡಿದವನಿಲ್ಲ. ಮಳೆಯಾಯಿತು, ಸಂಜೆಯಾಯಿತು ಎಂಬಂತೆ ತಪ್ಪೂ ತಾನಾಗಿಯೇ ಆಗುತ್ತದೆ. ಅವಳು ನನ್ನ ಮಗಳು. ವಾಕ್ಯದಲ್ಲಿ ಬಿಟ್ಟುಹೋದದ್ದು ಅವಳಿಗೆ ಕಾಣುತ್ತದೆ.

"ನಾನು ಹೊಡೆದೆ" ಎಂದೆ. "ನಿನ್ನ ಕೈಯಲ್ಲಿ ಸುಳ್ಳು ಹೇಳಿಸಿದ್ದೂ ನಾನೇ."

ಎರಡು ಚಿಕ್ಕ ವಾಕ್ಯ. ಇಷ್ಟು ವರ್ಷ ಬೇಕಾಯಿತು. ಪಡಿಯಚ್ಚನ್ನು ಬಿಡಿಸಿ ನೋಡಿದ್ದನ್ನೂ ಹೇಳಿದೆ.

"ನೀವು ಖಾಲಿ ಜಾಗ ತುಂಬ್ತಿದ್ರಲ್ಲ ಅಪ್ಪ. ನಾನೂ ತುಂಬಿದೆ" ಎಂದಳು.

ಆಮೇಲೆ, ಭಾಗ್ಯಮ್ಮನನ್ನು ಕರೆಸಿದ್ದೇಕೆಂದು ತಿಳಿಯಿತು. ಎರಡು ತಿಂಗಳ ಹಿಂದೆ ಇಂಚರ ನನ್ನ ಟಿಪ್ಪಣಿ ಚೀಟಿಗಳನ್ನು ಎಳೆದು ಹರಡಿದಾಗ ನಾನು "ನಿಲ್ಲು, ಬುದ್ಧಿ ಕಲಿಸ್ತೀನಿ" ಎಂದಿದ್ದೆನಂತೆ. ನಗುತ್ತಲೇ ಎಂದಿದ್ದೆ, ಬೇಕಾದರೆ ಪ್ರಮಾಣ ಮಾಡುತ್ತೇನೆ. ಸುಜಾತ ಮೆಟ್ಟಿಲು ಇಳಿಯುತ್ತಿದ್ದಳಂತೆ. ಅಲ್ಲೇ ಕೂತುಬಿಟ್ಟಳಂತೆ. ಅಂದೇ ಸಂಜೆ ಫೋನಿನಲ್ಲಿ ವಿಚಾರಿಸಿ ಮನೆಭೇಟಿಗೆ ಅರ್ಜಿ ಹಾಕಿದಳು. ನನ್ನೊಂದಿಗೆ ನೇರವಾಗಿ ಮಾತಾಡಬಹುದಿತ್ತಲ್ಲ ಎಂದೆ. ಮಾತಾಡಿದರೆ ನೀವು ಪದದ ಅರ್ಥ ಹೇಳಿಕೊಡುತ್ತಿದ್ದಿರಿ ಎಂದಳು.



ಕೊನೆಯ ಬಟ್ಟೆ ಹಾಕಿ, ಬಕೆಟ್ ಎತ್ತಿಕೊಂಡು, ತನ್ನ ತೀರ್ಮಾನ ಹೇಳಿದಳು. ಮೊದಲ ತಾರೀಖಿನಿಂದ ಇಂಚರಳನ್ನು ದೇವನಹಳ್ಳಿಯಲ್ಲಿ, ತನ್ನ ಕಚೇರಿಯ ಹತ್ತಿರ ಇರುವ ಶಿಶುವಿಹಾರದಲ್ಲಿ ಬಿಡುತ್ತಾಳೆ. ಎಂಟು ಭೇಟಿಯೂ ಮುಗಿಯಲಿ. ನಾನು ಚಾಪೆಯ ಮೇಲೆ ಕೂರಬೇಕು, ಕುರ್ಚಿಯಲ್ಲಲ್ಲ. ಆಮೇಲೆ ನೋಡೋಣ.

"ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ ಅಪ್ಪ. ಭಯ ಇದೆ. ಸಿಟ್ಟಾಗಿದ್ರೆ ಬಿಟ್ಟುಬಿಡಬಹುದಿತ್ತು."

ಕಳೆದ ಗುರುವಾರ, ನಾಲ್ಕನೆಯ ಭೇಟಿಗೆ, ಚಾಪೆಯ ಮೇಲೆ ಕೂತೆ. ಮಂಡಿ ಕೂಗಿತು. ಕೈಪಿಡಿಯ ಮೇಲೆ ಪೆನ್ಸಿಲ್ ಆಡಿಸಲಿಲ್ಲ. ಭಾಗ್ಯಮ್ಮ ನನ್ನನ್ನು ಹಂಗಿಸಬಹುದಿತ್ತು, ಹಂಗಿಸಲಿಲ್ಲ. ಪಾಠ ಬಹಳ ಸಾದಾ. ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ ಮಾತಾಡಿ. ಬೇಡವೆನ್ನುವುದಕ್ಕೆ ಮುಂಚೆ ಏನು ಮಾಡುತ್ತಿದ್ದೀಯೆಂದು ಕೇಳಿ. ಕೈ ಬಿಸಿಯಾಯಿತೆಂದು ಗೊತ್ತಾದ ಕೂಡಲೇ, ಮಗು ಅಪಾಯದಲ್ಲಿಲ್ಲವೆಂದು ನೋಡಿಕೊಂಡು, ಅಲ್ಲಿಂದ ಎದ್ದು ಹೋಗಿ; ಮುಖ ತೊಳೆದು ಬನ್ನಿ.

ಕೈ ಬಿಸಿಯಾಗುವುದು ಎಂಬ ಮಾತು ನನಗೆ ಹೊಸದು. ಯಾವ ನಿಘಂಟಿನಲ್ಲಿದೆ ಎಂದು ಕೇಳಲು ಹೊರಟು, ಬಾಯಿ ಮುಚ್ಚಿಕೊಂಡೆ. ಅದರ ಅರ್ಥ ನನ್ನ ಕೈಗೆ ಗೊತ್ತಿತ್ತು.

ಇಂಚರ ನನ್ನೆದುರಿಗೆ ಕೂತು ಸ್ಕೆಚ್‌ಪೆನ್ನಿನಿಂದ ನನ್ನ ಪಂಚೆಯ ಅಂಚಿನಲ್ಲಿ ಏನೋ ಬರೆಯತೊಡಗಿದಳು. ಭಾಗ್ಯಮ್ಮ ನನ್ನನ್ನು ನೋಡಿದರು. ಬಾಗಿಲಲ್ಲಿ ನಿಂತಿದ್ದ ಸುಜಾತಳೂ ನೋಡಿದಳು. "ಏನು ಬರೀತಿದ್ದೀಯ ಪುಟ್ಟಿ?" ಎಂದು ಕೇಳಿದೆ. "ನಿಂಗ್ ಓದಕ್ ಬರಲ್ವಾ ತಾತ?" ಎಂದು ಅವಳು ನನ್ನನ್ನೇ ಗದರಿದಳು. ಭಾಗ್ಯಮ್ಮ ನಕ್ಕರು. ಸುಜಾತ ನಗಲಿಲ್ಲ. ಆದರೆ ಒಳಕ್ಕೆ ಹೋದಳು. ಮಗುವನ್ನು ನನ್ನ ಬಳಿ ಬಿಟ್ಟು, ನೀರು ಕುಡಿದು ಬರುವಷ್ಟು ಹೊತ್ತು. ಎಷ್ಟು ನಿಮಿಷವೆಂದು ನಾನು ಗಡಿಯಾರ ನೋಡಿಕೊಂಡಿಲ್ಲ.

ಇಂಥ ಭಾಗ್ಯಮ್ಮಂದಿರು ಇನ್ನಷ್ಟು ಮನೆಗಳಿಗೆ ಹೋಗಬೇಕು. ಬೆರಳು ಮುರಿದ ಮೇಲೆ ಆಸ್ಪತ್ರೆಯವರು, ಪೊಲೀಸರು, ಕಾನೂನು ಎಲ್ಲ ಬರಬಹುದು. ನಮ್ಮ ಮನೆಗೆ ಅಂದು ಯಾರೂ ಬರಲಿಲ್ಲ, ಏಕೆಂದರೆ ನಮ್ಮದು ಒಳ್ಳೆಯ ಮನೆ. ರೂಲರ್ ಇನ್ನೂ ಮೇಜಿನ ಮೇಲಿರುವಾಗಲೇ ಚಾಪೆ ಹಾಸಿ ಕೂತು ಮಾತಾಡಿಸುವವರು ಬೇಕಿತ್ತು. ಅವರು ಬಂದಾಗ, ದಯವಿಟ್ಟು, ತಾತಂದಿರು ಕುರ್ಚಿ ಬಿಟ್ಟು ಇಳಿಯಲಿ. ಪಾಠ ತಾಯಿಗೆ, ತಮಗಲ್ಲ ಎಂದು ತಿಳಿಯುವ ಪ್ರತಿಯೊಬ್ಬ ಗಂಡಸೂ ಒಮ್ಮೆ ಅವರ ನೋಟ್‌ಬುಕ್ಕಿನಲ್ಲಿ ಯಾರ ಹೆಸರಿದೆಯೆಂದು ನೋಡಲಿ.

ನಾನು ಒಂದು ಸಲ ನನ್ನ ಮಗಳಿಗೆ ಹೊಡೆದೆ. ಅದನ್ನು ಮರೆಮಾಚಿದೆ. ಇದು ನನ್ನ ತಪ್ಪೊಪ್ಪಿಗೆ.

ಇಷ್ಟು ಬರೆದು, ಅಚ್ಚಿಗೆ ಕಳಿಸುವ ಮೊದಲು ಅವಳಿಗೆ ಓದಲು ಕೊಟ್ಟೆ. ಅವಳ ಒಪ್ಪಿಗೆಯಿಲ್ಲದೆ ಇದು ನಿಮ್ಮ ಮುಂದೆ ಬರಕೂಡದು. ತಾರೀಖುಗಳನ್ನು ತೆಗೆಸಿದಳು. ಉಳಿದದ್ದೆಲ್ಲ ಇರಲಿ ಎಂದಳು. ಹಾಳೆಗಳನ್ನು ವಾಪಸು ಕೊಡುವಾಗ ಕೊನೆಯ ಪುಟದಲ್ಲಿ "ಒಂದು ಸಲ" ಎಂಬ ಎರಡು ಪದಗಳ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿರುವುದು ಕಂಡಿತು. ಇದೇನೆಂದು ಕೇಳಿದೆ. ಡೈರಿಯಲ್ಲಿರುವುದೇ ಅಷ್ಟು, ಹಿಂದು ಮುಂದಿನ ವರ್ಷಗಳನ್ನೂ ತಿರುವಿ ನೋಡಿದ್ದೇನೆ ಎಂದೆ.

"ಬರೆದಿಟ್ಟಿದ್ದು ಒಂದು ಸಲ ಅಪ್ಪ. ಹೊಡೆದಿದ್ದು ಒಂದೇ ಸಲಾನಾ?"